ಮನೆಯ ಹಾಡಿನ ಭಂಡಾರವು ಮೌನವಾದಾಗ

ಮಲೆನಾಡಿನ ಸೋದರಿಯೊಬ್ಬರು ನಮಗೆ ಬರೆದಿರುವ ಕಾಗದದ ಸಾರಾಂಶವಿದು. ಅವರ ಅತ್ತೆಯವರು ಹಾಡುತ್ತಿದ್ದ ಹಸೆಯ ಹಾಡು, ಆರತಿಯ ಹಾಡುಗಳನ್ನು ಹಿಂದೊಮ್ಮೆ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅವನ್ನು ಕಂಪ್ಯೂಟರಿಗೆ ಇಳಿಸಿ, ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ತಂತ್ರಾಂಶದ ಮೂಲಕ ನಡುಮನೆಯಲ್ಲಿಯೂ ಅಡಿಗೆಮನೆಯಲ್ಲಿಯೂ ಕೇಳುತ್ತ ಬಂದಿರುವರು. ಅತ್ತೆಯವರು ಈಗಿಲ್ಲ, ಕ್ಯಾಸೆಟ್ಟುಗಳೂ ಬೂಷ್ಟು ಹಿಡಿದು ಹಾಳಾದುವು. ಈಚೆಗೆ ಒಂದು ರಾತ್ರಿ ಗುಡುಗು ಮಳೆಗೆ ವಿದ್ಯುತ್ತು ಹೋಗಿ ಬಂದ ಬಳಿಕ, ಫೋನಿನಲ್ಲಿ ‘ಸರ್ವರ್ ಸಿಕ್ಕಲಿಲ್ಲ’ ಎಂಬುದೊಂದೇ ಉತ್ತರ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡೋಣವೆಂದು ಮಗನು ಹೇಳುತ್ತಿರುವನಂತೆ. ಹಾಗೆ ಮಾಡಬಹುದೇ ಎಂದು ಕೇಳಿರುವರು.

ಮಾಡಲಾಗದು, ಈಗಲೇ ಅಂತೂ ಮಾಡಲಾಗದು. ಹಾಡುಗಳು ಇರುವುದು ಡಿಸ್ಕಿನಲ್ಲಿ. ಸರ್ವರ್ ಎಂಬುದು ಅವುಗಳ ಪಟ್ಟಿಯನ್ನಿಟ್ಟುಕೊಂಡು ಕೇಳಿದವರಿಗೆ ಬಡಿಸುವ ಪರಿಚಾರಕನು ಮಾತ್ರ. ಪರಿಚಾರಕನು ಓಗೊಡದಿದ್ದರೆ ಉಗ್ರಾಣವು ಬರಿದಾಯಿತೆಂದು ಅರ್ಥವಲ್ಲ. ಆದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರವನ್ನು ಇಟ್ಟುಕೊಂಡವರು, ಅದರ ಮೆಮೊರಿ ಕಾರ್ಡಿನಲ್ಲಿಯೇ ಹಾಡುಗಳನ್ನೂ ತುಂಬಿದ್ದರೆ, ಕಾರ್ಡನ್ನು ಅಳಿಸಿ ಹೊಸದಾಗಿ ಬರೆದೊಡನೆ ಹಾಡುಗಳೂ ಹೋಗುವುವು. ಹುಡುಗರ ಉತ್ಸಾಹವು ಒಳ್ಳೆಯದೇ. ಇಲ್ಲಿ ಮಾತ್ರ ಅದನ್ನು ತುಸು ತಡೆಯಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವೆವು. ಡಿಸ್ಕಿನಲ್ಲಿರುವ ಹಾಡು ಮನೆಯ ರೌಟರಿನ ಮೂಲಕ ಮನೆಯೊಳಗೇ ಹರಿಯತಕ್ಕದ್ದು. ಹೊರಗಿನ ಇಂಟರ್‌ನೆಟ್ಟು ನಿಂತಿದ್ದರೂ ಕೇಳಲಡ್ಡಿಯಿಲ್ಲ. ಈ ತಂತ್ರಾಂಶವು ಅಮೆರಿಕದ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಹುಟ್ಟಿ, ೨೦೦೬ರಲ್ಲಿ ಲಾಜಿಟೆಕ್ ಕಂಪೆನಿಯ ವಶವಾಯಿತು. ಆ ಕಂಪೆನಿಯವರು ೨೦೨೪ರಲ್ಲಿ ಇದಕ್ಕೆ ಸಂಬಂಧಿಸಿದ ತಮ್ಮ ಅಂತರಜಾಲ ಸೇವೆಯನ್ನು ಮುಚ್ಚಿದರು. ಆದರೂ ಮನೆಮನೆಯ ಸರ್ವರುಗಳು ಹಾಡುವುದನ್ನು ನಿಲ್ಲಿಸಲಿಲ್ಲ. ಬಳಕೆದಾರರೇ ತಂತ್ರಾಂಶವನ್ನು ಕೈಗೆತ್ತಿಕೊಂಡು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ನಡೆಸುತ್ತಿರುವರು. ಆದುದರಿಂದ ಇಂಟರ್‌ನೆಟ್ ಕೊಡುವವರಿಗೆ ದೂರಿತ್ತು ಕಾಯುವುದರಿಂದ ಫಲವಿಲ್ಲ.

ಪರೀಕ್ಷೆಯನ್ನು ಸರ್ವರ್ ಇರುವ ಕಂಪ್ಯೂಟರಿನಿಂದಲೇ ಆರಂಭಿಸಬೇಕು. ಅದರ ಬ್ರೌಸರಿನಲ್ಲಿ ಇಂಗ್ಲಿಷಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ ಇಟ್ಟು, ೯೦೦೦ ಎಂಬ ಅಂಕೆಯನ್ನು ಹಾಕಿ ನೋಡಿರಿ. ಅಲ್ಲಿ ಹಾಡಿನ ಪುಟವು ತೆರೆದರೆ ತಂತ್ರಾಂಶವು ಆರೋಗ್ಯವಾಗಿದೆ, ತೊಂದರೆಯು ದಾರಿಯಲ್ಲಿದೆ ಎಂದು ತಿಳಿಯತಕ್ಕದ್ದು. ತೆರೆಯದಿದ್ದರೆ ವಿದ್ಯುತ್ತು ಬಂದಾಗ ಸರ್ವರ್ ತಾನಾಗಿ ಎದ್ದಿಲ್ಲವೆಂದಾಯಿತು. ಅದನ್ನು ಚಾಲನೆಮಾಡಿದರೆ ಸಾಕು. ಅಳಿಸುವ ಮಾತು ಇಲ್ಲಿಯೂ ಇಲ್ಲ.

ದಾರಿಯ ತೊಂದರೆಗಳಲ್ಲಿ ನಾವು ಎಲ್ಲಕ್ಕಿಂತ ಮೊದಲು ಸಂಶಯಿಸುವುದು ವಿಳಾಸವನ್ನು. ರೌಟರು ತನ್ನ ಆಶ್ರಯದಲ್ಲಿರುವ ಯಂತ್ರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ವಿಳಾಸವಾಗಿ ಹಂಚುವುದು. ಇದು ಬಾಡಿಗೆಯ ಮನೆಯಿದ್ದಂತೆ. ವಿದ್ಯುತ್ತು ಹೋಗಿ ಬಂದಾಗ ನಿನ್ನೆ ೧೯೨.೧೬೮.೧.೧೦ ಆಗಿದ್ದ ಕಂಪ್ಯೂಟರು ಇಂದು ೧೯೨.೧೬೮.೧.೧೪ ಆಗಿರಬಹುದು. ಫೋನು ಮಾತ್ರ ಹಳೆಯ ಮನೆಯ ಕದವನ್ನೇ ತಟ್ಟುತ್ತಿರುವುದು! ರೌಟರಿನ ಪುಟದಲ್ಲಿ ಯಂತ್ರಗಳ ಪಟ್ಟಿಯಿರುತ್ತದೆ. ಅಲ್ಲಿ ಕಂಪ್ಯೂಟರಿನ ಈಗಿನ ಸಂಖ್ಯೆಯನ್ನು ನೋಡಿ ಫೋನಿಗೆ ತಿಳಿಸಿರಿ. ಬಳಿಕ ಅದೇ ಪುಟದಲ್ಲಿ ಆ ಸಂಖ್ಯೆಯನ್ನು ಆ ಯಂತ್ರಕ್ಕೇ ಕಾಯಮ್ಮಾಗಿ ಕಾದಿರಿಸಿರಿ.

ವಿಳಾಸವು ಸರಿಯಿದ್ದೂ ಬಾಗಿಲು ತೆರೆಯದಿದ್ದರೆ, ಫೋನು ಯಾವ ವೈಫೈಯಲ್ಲಿದೆಯೆಂದು ನೋಡತಕ್ಕದ್ದು. ಅತಿಥಿಗಳಿಗೆಂದು ಇಟ್ಟಿರುವ ಪ್ರತ್ಯೇಕ ವೈಫೈಗೆ ಸೇರಿಕೊಂಡ ಯಂತ್ರವನ್ನು ರೌಟರು ಸಾಧಾರಣವಾಗಿ ಒಳಮನೆಗೆ ಬಿಡುವುದಿಲ್ಲ. ಮಹಡಿಗೆಂದು ಎರಡನೆಯ ರೌಟರನ್ನು ಹಾಕಿಸಿದ್ದು, ಅದು ತನ್ನದೇ ಬೇರೆ ಸಂಸಾರವನ್ನು ಹೂಡಿದ್ದರೂ ಇದೇ ಪಾಡು. ಹಾಡುವ ಪೆಟ್ಟಿಗೆಯು ೩೪೮೩ ಎಂಬ ಪೋರ್ಟಿನಲ್ಲಿ ಮನೆಯೆಲ್ಲಕ್ಕೂ ಕೇಳುವಂತೆ ಸರ್ವರನ್ನು ಕೂಗುವುದು; ಆ ಕೂಗು ತನ್ನ ಜಾಲವನ್ನು ದಾಟಿ ಹೋಗುವುದಿಲ್ಲ. ವಿಂಡೋಸ್ ಕಂಪ್ಯೂಟರಾದರೆ ಅದರ ಫೈರ್‌ವಾಲ್ ಎಂಬ ಕಾವಲುಗಾರನನ್ನೂ ವಿಚಾರಿಸಿಕೊಳ್ಳಬೇಕು. ಮನೆಯ ಜಾಲವನ್ನು ‘ಪಬ್ಲಿಕ್’ ಎಂದು ಎಣಿಸಿದ್ದರೆ ಅವನು ಮನೆಯವರನ್ನೇ ಹೊರಗೆ ನಿಲ್ಲಿಸುವನು. ಅವನನ್ನು ಪೂರ್ತಿಯಾಗಿ ಕೆಲಸದಿಂದ ತೆಗೆಯಬೇಡಿರಿ. ಜಾಲವು ‘ಪ್ರೈವೇಟ್’ ಎಂದು ತಿಳಿಸಿ, ೯೦೦೦ ಮತ್ತು ೩೪೮೩ ಎಂಬ ಪೋರ್ಟುಗಳಿಗೆ ಅಪ್ಪಣೆಯಿತ್ತರೆ ಸಾಕು.

ಹಾಡು ಸಿಕ್ಕಿಯೂ ನಡುನಡುವೆ ತುಂಡಾಗುವುದಾದರೆ ಅದು ವೈಫೈಯ ದೌರ್ಬಲ್ಯ. ಸರ್ವರಿಗೂ ರೌಟರಿಗೂ ನಡುವೆ ತಂತಿಯನ್ನು ಎಳೆಯುವುದಕ್ಕಿಂತ ಒಳ್ಳೆಯ ಮದ್ದನ್ನು ನಾವು ಕಾಣೆವು.

ಹೆಚ್ಚು ಗಾಬರಿಯನ್ನುಂಟುಮಾಡುವುದು ಬೇರೊಂದು. ಪುಟವು ತೆರೆಯುವುದು, ಆದರೆ ಪಟ್ಟಿಯಲ್ಲಿ ಒಂದು ಹಾಡೂ ಇರುವುದಿಲ್ಲ. ಹಾಡುಗಳು ಹೊರಗಿನ ಡಿಸ್ಕಿನಲ್ಲಿದ್ದು, ವಿದ್ಯುತ್ತು ಬಂದಾಗ ಡಿಸ್ಕು ಸಿದ್ಧವಾಗುವ ಮುನ್ನವೇ ಕಂಪ್ಯೂಟರು ಎಚ್ಚತ್ತಿದ್ದರೆ, ಅಥವಾ ಡಿಸ್ಕಿನ ಹೆಸರು ಬದಲಾಗಿದ್ದರೆ, ಸರ್ವರು ಬರಿಯ ಕಪಾಟನ್ನು ಕಂಡು ಪಟ್ಟಿಯನ್ನೂ ಬರಿದುಮಾಡುವುದುಂಟು. ಮೊದಲು ಡಿಸ್ಕನ್ನು ತೆರೆದು ಕಡತಗಳು ಇವೆಯೇ ಎಂದು ಕಣ್ಣಾರೆ ನೋಡಿರಿ. ಅನಂತರ ಸರ್ವರಿನ ಸೆಟ್ಟಿಂಗುಗಳಲ್ಲಿ ಆ ಫೋಲ್ಡರಿನ ಹೆಸರನ್ನು ತಾಳೆಮಾಡಿ, ಪುನಃ ಸ್ಕ್ಯಾನ್ ಮಾಡಿಸಿರಿ, ಪಟ್ಟಿಯು ತುಂಬಿಕೊಳ್ಳುವುದು. ಲಿನಕ್ಸ್ ಯಂತ್ರಗಳಲ್ಲಿ ಸರ್ವರು ತನ್ನದೇ ಪ್ರತ್ಯೇಕ ಬಳಕೆದಾರನ ಹೆಸರಿನಿಂದ ಓಡುವುದರಿಂದ, ಆ ಹೆಸರಿಗೆ ಫೋಲ್ಡರನ್ನು ಓದುವ ಹಕ್ಕಿರಬೇಕು.

ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಿರಿ. ಈ ಸೋದರಿಯವರು ಮಾತ್ರ ಯಾವ ಪರೀಕ್ಷೆಗೂ ಮೊದಲು ಅತ್ತೆಯವರ ಹಾಡುಗಳ ಫೋಲ್ಡರನ್ನು ಎರಡನೆಯ ಡಿಸ್ಕೊಂದಕ್ಕೆ ಪ್ರತಿಮಾಡಿ, ಎರಡು ಮೂರು ಹಾಡುಗಳನ್ನು ಅದರಿಂದಲೇ ನುಡಿಸಿ ನೋಡಲಿ. ಆ ಡಿಸ್ಕು ಬೇರೆ ಮನೆಯಲ್ಲಿದ್ದರೆ ಇನ್ನೂ ಮೇಲು.

ಹಾಡಿನ ಹೆಸರುಗಳಲ್ಲಿ ಕನ್ನಡ ಅಕ್ಷರಗಳಿಗೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬರುವುದನ್ನು ಕುರಿತು ಬಂದಿರುವ ಕಾಗದಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರವೀಯುವೆವು.