ಶೋಧಯಂತ್ರವೂ ಗ್ರಂಥಪಾಲಕನೂ

ಅಂತರ್ಜಾಲದ ಶೋಧಯಂತ್ರಗಳು ಬಂದ ಮೇಲೆ ಗ್ರಂಥಪಾಲಕರಿಂದ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವುದುಂಟು. ನಿದರ್ಶನವೊಂದರಿಂದ ಉತ್ತರಿಸೋಣ.

ಕೌದಳ್ಳಿಯ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯ ನೂರು ವರ್ಷಗಳ ಹಿಂದಿನ ವಿವರಗಳನ್ನು ಅರಿಯಬಯಸಿ, 'ಚಾಮರಾಜನಗರ ಜಿಲ್ಲೆ' ಎಂದು ಬರೆದು ಹುಡುಕುತ್ತಾನೆಂದು ಭಾವಿಸಿರಿ. ಪುಟಗಳೇನೋ ರಾಶಿರಾಶಿಯಾಗಿ ಬರುತ್ತವೆ; ಬೇಕಾದುದು ಮಾತ್ರ ದುರ್ಲಭ. ಏಕೆಂದರೆ ಆ ಜಿಲ್ಲೆ ಹುಟ್ಟಿದುದೇ 1997ರಲ್ಲಿ. ಇಂದು ಹನೂರು ತಾಲ್ಲೂಕಿಗೆ ಸೇರಿದ ಕೌದಳ್ಳಿ ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದಿತು. ಆ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಆದುದರಿಂದ 1887ರಲ್ಲಿ ಎಫ್. ಎ. ನಿಕಲ್ಸನ್ ಅವರು ಸಿದ್ಧಪಡಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯಲ್ಲಿ ಅವನು ಹುಡುಕಬೇಕು. ಅವನಿಗೆ ಅಡ್ಡಬಂದುದು ಪುಸ್ತಕದ ಅಭಾವವಲ್ಲ, ಹೆಸರಿನ ಬದಲಾವಣೆ.

ಈ ತೊಡಕನ್ನು ಗ್ರಂಥಪಾಲಕರು ಬಹುಕಾಲದ ಹಿಂದೆಯೇ ಬಿಡಿಸಿದ್ದಾರೆ. ಸೂಚಿಯ ಕಾರ್ಡಿನಲ್ಲಿ 'ಕೊಳ್ಳೇಗಾಲ: 1956ಕ್ಕೆ ಹಿಂದಿನ ವಿಷಯಕ್ಕೆ ಕೊಯಮತ್ತೂರು ಜಿಲ್ಲೆಯನ್ನೂ ನೋಡಿ' ಎಂಬ ಒಂದು ಸಾಲು ಸಾಕು.

ಇಂತಹ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಎಸ್. ಆರ್. ರಂಗನಾಥನ್ ಅಗ್ರಗಣ್ಯರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸತೊಡಗಿದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆ, ತರಬೇತಿಗಳಿಗೆ ಕೇಂದ್ರವೊಂದನ್ನು ಸ್ಥಾಪಿಸಿದರು. ಭೌತಶಾಸ್ತ್ರದಲ್ಲಿ ನಾವು ಬಲವನ್ನು ಘಟಕಗಳಾಗಿ ಬಿಡಿಸುವಂತೆ, ಅವರು ಪ್ರತಿಯೊಂದು ವಿಷಯವನ್ನೂ ದ್ರವ್ಯ, ಶಕ್ತಿ, ದೇಶ, ಕಾಲ ಮುಂತಾದ ಮುಖಗಳಾಗಿ ಬಿಡಿಸಿದರು. ಇಂದು ಅಂತರ್ಜಾಲದ ಅಂಗಡಿಯಲ್ಲಿ ಬೆಲೆ, ಬಣ್ಣ, ಅಳತೆಗಳನ್ನು ಗೊತ್ತುಮಾಡಿ ನಾವು ಸರಕನ್ನು ಆರಿಸುವುದು ಇದೇ ತತ್ತ್ವದಿಂದ.

ಅಂತರ್ಜಾಲವನ್ನೆಲ್ಲ ಮನುಷ್ಯರೇ ವರ್ಗೀಕರಿಸಲಾರರೆಂಬ ಆಕ್ಷೇಪವು ನಿಜ. 1994ರಲ್ಲಿ ಆರಂಭವಾದ ಯಾಹೂವಿನ ವಿಷಯಸೂಚಿಯನ್ನು ಮನುಷ್ಯರೇ ಅಣಿಗೊಳಿಸುತ್ತಿದ್ದರು. 2014ರಲ್ಲಿ ಅದು ಮುಚ್ಚಿತು. ಯಂತ್ರಗಳು ಈಗ ಸಮಾನಾರ್ಥಕ ಪದಗಳನ್ನೂ ಗುರುತಿಸಬಲ್ಲವು. ಆದರೆ ಅವು ಕಲಿಯುವುದು ಈಗಾಗಲೇ ಹೇರಳವಾಗಿ ಬರೆದಿಟ್ಟುದರಿಂದ. ನಮ್ಮ ಸಣ್ಣ ಊರುಗಳ ವಿಷಯದಲ್ಲಿ, ಅದರಲ್ಲಿಯೂ ಕನ್ನಡದಲ್ಲಿ, ಬರೆದಿಟ್ಟುದೇ ವಿರಳ. ಅಲ್ಲಿ ಯಂತ್ರವು ಮೌನವಾಗಿದ್ದರೆ ಲೇಸು; ಊಹೆಯನ್ನೇ ನಿಶ್ಚಯದಂತೆ ನುಡಿದರೆ ಹಾನಿ.

ಆದುದರಿಂದ ಗ್ರಂಥಪಾಲಕನ ಹುದ್ದೆಯನ್ನು ತೆಗೆಯುವುದು ಮಿತವ್ಯಯವಲ್ಲ. ಯಂತ್ರಕ್ಕೆ ದಾರಿ ತೋರಬಲ್ಲವನನ್ನು ಕಳೆದುಕೊಂಡಂತೆ. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಹೊಸ ಹೆಸರುಗಳನ್ನೂ, ಅವುಗಳ ಬರಹದ ಭೇದಗಳನ್ನೂ, ಅದು ಸೇರಿದ್ದ ಜಿಲ್ಲೆಗಳನ್ನೂ ಇಸವಿಸಹಿತವಾಗಿ ಗ್ರಂಥಪಾಲಕರ ಮಾರ್ಗದರ್ಶನದಲ್ಲಿ ಪಟ್ಟಿಮಾಡಲಿ. ನಾಳಿನ ಶೋಧಯಂತ್ರಕ್ಕೆ ಕೌದಳ್ಳಿಯನ್ನು ಪರಿಚಯಿಸಬೇಕಾದವರು ಕೌದಳ್ಳಿಯವರೇ ಅಲ್ಲವೆ?