ಕಂಪ್ಯೂಟರಿಗೆ ಹೊಲಿದ ಗವುಸು



ಕಳೆದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ಹದ ಬರೆದವಳು ಈ ಸಲ ಕಂಪ್ಯೂಟರಿಗೆ ಕೈ ಹಾಕಿದ್ದಾಳೆ ಅಂತ ನಗಬೇಡಿ. ಮನೆಗೆ ಯಾವ ಸಾಮಾನು ಬಂದರೂ ಅದರ ಧೂಳು ಒರೆಸುವ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ, ನೀವೇ ಹೇಳಿ?

ನಮ್ಮದು ನ್ಯಾಮತಿಯಲ್ಲಿ ರಸ್ತೆಗೆ ಹತ್ತಿದ ಮನೆ. ಯಜಮಾನರು ಮುಂದಿನ ಕೋಣೆಯಲ್ಲಿ ಕೂತು ಅರ್ಜಿ, ಕರಾರುಪತ್ರ ಟೈಪು ಮಾಡಿಕೊಡುತ್ತಾರೆ. 2018ರಲ್ಲಿ ನ್ಯಾಮತಿ ತಾಲ್ಲೂಕಾಯಿತಲ್ಲ, ಆಮೇಲೆ ಕೆಲಸ ಹೆಚ್ಚಿತು. ಮಹಿಳಾ ಸಂಘದಲ್ಲಿ ಸಾಲ ತೆಗೆದು ಕಂಪ್ಯೂಟರ್ ತಂದೆವು. ಸಾಲ ನನ್ನ ಹೆಸರಿನಲ್ಲಿ. ಹಾಗಾಗಿ ಆ ಪೆಟ್ಟಿಗೆಯ ಮೇಲೆ ಧೂಳು ಕಂಡರೆ ನನಗೆ ತಡೆಯುತ್ತಿರಲಿಲ್ಲ.

ಒಂದು ಹಳೇ ಹತ್ತಿ ಸೀರೆ ಇತ್ತು. ಎರಡು ಪದರ ಮಾಡಿ, ಅಂಚಿಗೆ ನೆರಿಗೆ ಹಿಡಿದು, ಪೆಟ್ಟಿಗೆಗೆ ಗವುಸು ಹೊಲಿದೆ. ಸ್ವಿಚ್ಚಿಗೊಂದು ಕಿಂಡಿ, ಹಿಂದೆ ವೈರುಗಳಿಗೊಂದು ಕಿಂಡಿ, ಅಷ್ಟೇ. ಬಂದವರೆಲ್ಲ ಹೊಗಳಿದರು. ಯಂತ್ರ ಓಡುವಾಗಲೂ ಅದನ್ನು ತೆಗೆಯಬೇಕೆಂದು ನನಗೆ ತೋಚಲೇ ಇಲ್ಲ.

ಮುಂದಿನ ಮಾರ್ಚಿ ತಿಂಗಳ ಒಂದು ಮಧ್ಯಾಹ್ನ. ಹಳ್ಳಿಯಿಂದ ಬಂದ ಅಜ್ಜರೊಬ್ಬರು ಜಮೀನಿನ ಪಾಲುಪತ್ರ ಬರೆಸುತ್ತಿದ್ದರು. ಹದಿನಾಲ್ಕನೇ ಪುಟದಲ್ಲಿ ಯಂತ್ರ ಫಕ್ಕನೆ ಆರಿಹೋಯಿತು. ಕರೆಂಟೇನೋ ಇತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಮತ್ತೆ ಹಚ್ಚಿದರು, ಹತ್ತು ನಿಮಿಷಕ್ಕೆ ಮತ್ತೆ ಆರಿತು. ಬರೆದದ್ದು ಹೋಯಿತು. ಅಜ್ಜ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬೇರೆ ಕಡೆ ಹೋದರು. ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಚುಚ್ಚಿತು. ಸಂಘದ ಕಂತು ಕಟ್ಟಲು ನಾಲ್ಕು ದಿನ ಉಳಿದಿತ್ತು.

ರಿಪೇರಿಗೆ ಬಂದ ಹುಡುಗ ಗವುಸು ತೆಗೆದು, ಪಕ್ಕದ ತಗಡು ಬಿಚ್ಚಿ, ಒಳಗಿನ ಸಣ್ಣ ಫ್ಯಾನು ತೋರಿಸಿದ. ಅದರ ಕೆಳಗಿನ ಲೋಹದ ಹಲ್ಲುಗಳ ನಡುವೆ ಧೂಳು ಕಂಬಳಿಯ ಹಾಗೆ ಒತ್ತಾಗಿ ಕೂತಿತ್ತು. "ಅಕ್ಕಾ, ಇದಕ್ಕೆ ಉಸಿರು ಕಟ್ಟಿದೆ" ಅಂದ.

ಬಿಸಿ ರೊಟ್ಟಿಯನ್ನು ಬಿಗಿಯಾಗಿ ಮುಚ್ಚಿಟ್ಟರೆ ಬೆವರಿ ಮೆತ್ತಗಾಗುವುದು ನಮಗೆಲ್ಲ ಗೊತ್ತು. ಈ ಪೆಟ್ಟಿಗೆಯೊಳಗೆ ರೊಟ್ಟಿ ಸದಾ ಬೇಯುತ್ತಲೇ ಇರುತ್ತದೆ ಅಂದುಕೊಳ್ಳಿ. ಮುಂದಿನಿಂದ ತಣ್ಣನೆ ಗಾಳಿ ಒಳಗೆ ಹೋಗಿ, ಹಿಂದಿನಿಂದ ಬಿಸಿಗಾಳಿ ಹೊರಗೆ ಬರಬೇಕು. ಆ ದಾರಿ ಮುಚ್ಚಿದರೆ ಯಂತ್ರದ ಮಿದುಳು ಕಾಯುತ್ತದೆ. ಸಾಮಾನ್ಯವಾಗಿ ಶಾಖ ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ಅದು ತಾನೇ ನಿಧಾನವಾಗುತ್ತದೆ, ಇನ್ನೂ ಏರಿದರೆ ಸುಟ್ಟುಹೋಗದಿರಲಿ ಅಂತ ತಾನೇ ಆರಿಕೊಳ್ಳುತ್ತದೆ. ನಾವು ಅದನ್ನೇ ಕೆಟ್ಟಿತು ಅಂದುಕೊಂಡಿದ್ದೆವು.

ಇಷ್ಟು ಕೇಳಿದ ಮೇಲೆ ನಾನು ಮಾಡಿದ್ದು ಎರಡನೇ ತಪ್ಪು. ಉಸಿರು ತಾನೇ ಬೇಕು, ತಗೋ ಅಂತ ಪಕ್ಕದ ತಗಡನ್ನೇ ತೆಗೆದಿಟ್ಟೆ. ಮುಚ್ಚಳವಿಲ್ಲದಿದ್ದರೆ ಗಾಳಿ ಮುಂದಿನಿಂದ ಹಿಂದಕ್ಕೆ ಸರಿಯಾಗಿ ಹರಿಯುವುದಿಲ್ಲವಂತೆ. ಅದು ಹಾಗಿರಲಿ, ಮೆಕ್ಕೆಜೋಳ ಬಿಡಿಸುವ ಮಿಷನ್ನು ಊರಲ್ಲಿ ಶುರುವಾದಾಗ ಹೊಟ್ಟೆಲ್ಲ ನೇರ ಒಳಗೆ! ಒಂದು ಹಲ್ಲಿಯೂ ಸಂಸಾರ ಹೂಡಲು ನೋಡಿತ್ತು.

ಸರಿಹೋದದ್ದು ಹೀಗೆ. ನಮ್ಮ ಪೆಟ್ಟಿಗೆಯಲ್ಲಿ ಹಿಂದೆ ಗಾಳಿ ಹೊರಗೆ ದೂಡುವ ಫ್ಯಾನು ಮಾತ್ರ ಇತ್ತು. ಅದು ಎಳೆದ ಹಾಗೆಲ್ಲ ಪ್ರತಿ ಸಂದಿಯಿಂದಲೂ ಧೂಳು ಒಳಗೆ ಬರುತ್ತಿತ್ತು. ಆ ಹುಡುಗನ ಕೈಲಿ ಮುಂದೆಯೂ ಒಳಕ್ಕೆ ಎಳೆಯುವ ದೊಡ್ಡ ಫ್ಯಾನೊಂದು ಹಾಕಿಸಿದೆವು. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದಿಗಳಿಂದ ಗಾಳಿ ಹೊರಕ್ಕೇ ನುಗ್ಗುತ್ತದೆ, ಧೂಳಿಗೆ ಆ ದಾರಿ ಬಂದ್. ಆಗ ಮುಂಬಾಗಿಲಿಗೆ ಮಾತ್ರ ಜರಡಿ ಕಟ್ಟಿದರೆ ಸಾಕು. ಸೊಳ್ಳೆ ಪರದೆಯ ನೈಲಾನ್ ಬಲೆ ಒಂದೇ ಪದರ ಕತ್ತರಿಸಿ ಹೊರಗಿನಿಂದ ಅಂಟಿಸಿದ್ದೇನೆ. ನಿಮ್ಮ ಪೆಟ್ಟಿಗೆ ಯಾವ ಕಡೆಯಿಂದ ಗಾಳಿ ಎಳೆಯುತ್ತದೆಂದು ತಿಳಿಯದಿದ್ದರೆ ತೆಳು ಕಾಗದದ ಚೂರು ಹಿಡಿದು ನೋಡಿ. ಕಾಗದ ಎಲ್ಲಿ ಅಂಟಿಕೊಳ್ಳುತ್ತದೋ ಅಲ್ಲಿ ಬಲೆ, ಎಲ್ಲಿ ಹಾರುತ್ತದೋ ಅಲ್ಲಿ ಏನೂ ಬೇಡ.

ಬಲೆ ಹೊಟ್ಟು, ಕೂದಲು, ನೂಲು ತಡೆಯುತ್ತದೆ. ನಯವಾದ ಪುಡಿ ಹಾಯ್ದೇ ಹೋಗುತ್ತದೆ. ಅದಕ್ಕೆಂದು ದಪ್ಪ ಬಟ್ಟೆಗೆ ಆಸೆಪಡಬೇಡಿ. ನನ್ನ ತವರು ಜಗಳೂರು. ಮಳೆ ಕಡಿಮೆಯ ಸೀಮೆ, ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಧೂಳು ನಮಗಿಂತ ಮುಂಚೆ ಒಳಗೆ ಬಂದು ಕೂರುತ್ತದೆ. ಅಲ್ಲಿ ನಮ್ಮಣ್ಣ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದ. ಒಳಗೆ ಧೂಳಿರಲಿಲ್ಲ, ನಿಜ, ಆದರೆ ಗಾಳಿಯೂ ಇರಲಿಲ್ಲ. ಒಂದೇ ಪದರ ಬಲೆ ಹಾಕಿ ವಾರಕ್ಕೊಮ್ಮೆ ತೊಳೆ ಅಂತ ಹೇಳಿ ಬಂದೆ. ನಾನು ಹದಿನೈದು ದಿನಕ್ಕೊಮ್ಮೆ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ ಹಾಕುತ್ತೇನೆ. ಮೆಕ್ಕೆಜೋಳದ ಕಾಲದಲ್ಲಿ ಮೂರು ದಿನಕ್ಕೊಮ್ಮೆ.

ಬಲೆಗೆ ಬಗ್ಗದ ಶತ್ರುಗಳೂ ಇವೆ. ಚನ್ನಗಿರಿಯಲ್ಲಿ ಅಕ್ಕನ ಮನೆಯಲ್ಲಿ ಅಡಿಕೆ ಬೇಯಿಸುವ ಒಲೆ ಹಿತ್ತಲಲ್ಲಿ, ಕಂಪ್ಯೂಟರ್ ಆ ಕಡೆಯ ಕಿಟಕಿಯ ಕೆಳಗೆ. ಹೊನ್ನಾಳಿಯ ನಾದಿನಿಯದು ಅಡಿಗೆಮನೆ ಬಾಗಿಲ ಪಕ್ಕ, ಸಂಜೆಯಾದರೆ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಹೊಗೆ. ಹೊಗೆ ಬಲೆಯಲ್ಲಿ ನಿಲ್ಲುವುದಿಲ್ಲ. ಮಸಿ, ಎಣ್ಣೆ ಪಸೆ ಫ್ಯಾನಿನ ರೆಕ್ಕೆಗೆ ಅಂಟಿ, ಅದರ ಮೇಲೆ ಧೂಳು ಕೂತರೆ ಬ್ರಷ್ಷಿಗೂ ಬಿಡುವುದಿಲ್ಲ. ಊದುಬತ್ತಿ, ಸೊಳ್ಳೆ ಬತ್ತಿಯದೂ ಅದೇ ಕಥೆ. ಇಲ್ಲಿ ಜಾಗ ಬದಲಿಸುವುದೊಂದೇ ದಾರಿ. ಅಕ್ಕ ಬದಲಿಸಿದಳು, ನಾದಿನಿ ಇನ್ನೂ "ನೋಡೋಣ ಅತ್ತಿಗೆ" ಅನ್ನುತ್ತಿದ್ದಾಳೆ.

ಪೆಟ್ಟಿಗೆ ನೆಲದ ಮೇಲೆ ಬೇಡ. ಕಸ ಗುಡಿಸಿದ ಧೂಳೆಲ್ಲ ಎಳೆದುಕೊಳ್ಳುವುದು ಅಲ್ಲೇ. ಗೇಣೆತ್ತರದ ಮಣೆಯ ಮೇಲಿಡಿ, ಹಿಂದೆ ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬಿಡಿ. ಆ ಕೋಣೆಯಲ್ಲಿ ಪೊರಕೆಗಿಂತ ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಮೇಲು.

ಮೂರು ತಿಂಗಳಿಗೊಮ್ಮೆ ಒಳಗೂ ಗುಡಿಸಬೇಕು. ಹೆದರಬೇಡಿ, ಹತ್ತನೇ ಕ್ಲಾಸು ಓದಿದ ನನಗೇ ಬಂದಿದೆ. ಗ್ಯಾರಂಟಿಯ ಸೀಲು ಇದ್ದರೆ ಮಾತ್ರ ಕೊಟ್ಟವರನ್ನು ಕೇಳದೆ ಬಿಚ್ಚಬೇಡಿ. ಯಂತ್ರ ಆರಿಸಿ, ಗೋಡೆಯಿಂದ ಪ್ಲಗ್ಗು ಕಿತ್ತು, ಆಮೇಲೆ ಸ್ವಿಚ್ಚನ್ನು ಒಂದೆರಡು ಸಲ ಒತ್ತಿದರೆ ಉಳಿದ ಕರೆಂಟು ಇಳಿಯುತ್ತದೆ. ಪೆಟ್ಟಿಗೆಯನ್ನು ಜಗುಲಿಗೆ ಒಯ್ದು, ಮೊದಲು ಅದರ ಬರೀ ಲೋಹ ಮುಟ್ಟಿ. ಒಣ ಹವೆಯಲ್ಲಿ ನೈಲಾನ್ ಸೀರೆ ಚಟಚಟ ಅನ್ನುತ್ತದಲ್ಲ, ಆ ಕಿಡಿ ಒಳಗಿನ ಚಿಪ್ಪಿಗೆ ತಗುಲಬಾರದು. ಒಣಗಿದ, ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಧೂಳು ಸಡಿಲಿಸಿ, ಗಾಳಿ ಊದುವ ರಬ್ಬರ್ ಪಂಪಿನಿಂದ ಹೊರಗೆ ಹಾರಿಸಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ವೈರು ಕೀಳಬೇಡಿ. ಕರೆಂಟು ಬಂದು ಸೇರುವ ಒಳಪೆಟ್ಟಿಗೆಯೊಂದಿದೆ, ಅದರ ತಿರುಪು ಬಿಚ್ಚುವ ಧೈರ್ಯ ಮಾತ್ರ ಮಾಡಬೇಡಿ. ಪ್ಲಗ್ಗು ಕಿತ್ತಿದ್ದರೂ ಅದರೊಳಗೆ ಕರೆಂಟು ಉಳಿದಿರುತ್ತದೆ.

ಬೇಸಿಗೆಗಳು ಬಂದು ಹೋದವು, ಯಂತ್ರ ಮತ್ತೆ ಹಾಗೆ ಆರಿಲ್ಲ. ಸಾಲ ತೀರಿದೆ. ಐದು ನಿಮಿಷಕ್ಕೊಮ್ಮೆ ಬರೆದದ್ದನ್ನು ಉಳಿಸಿಕೊಳ್ಳುವ ಅಭ್ಯಾಸವೂ ಯಜಮಾನರಿಗೆ ಬಂದಿದೆ.

ಆ ಗವುಸೇನಾಯಿತು ಅಂತ ಕೇಳುತ್ತೀರೇನೋ. ನೆರಿಗೆ ಬಿಚ್ಚಿ, ಒಂದೇ ಪದರ ಮಾಡಿ ಇಟ್ಟಿದ್ದೇನೆ. ರಾತ್ರಿ ಯಂತ್ರ ಆರಿಸಿ, ಊಟದ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಪೆಟ್ಟಿಗೆ ತಣ್ಣಗಾಗಿರುತ್ತದೆ, ಆಗ ಹೊದಿಸುತ್ತೇನೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಬಂದವಳು ಮೊದಲು ಅದನ್ನು ತೆಗೆದು ಮಡಿಚಿಡುತ್ತೇನೆ.