ಸದ್ದು ಜಾಸ್ತಿ, ಗಾಳಿ ಕಡಿಮೆ

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಓಣಿಗೆಲ್ಲ ಕೇಳಿಸುತ್ತದೆ, ಬಚ್ಚಲೊಳಗಿನ ಹಬೆ ಮಾತ್ರ ಅಲ್ಲೇ ನಿಂತಿರುತ್ತದೆ. ಕನ್ನಡಿ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು, ಟವೆಲ್ಲಿಗೆ ಮುಗ್ಗಲು ವಾಸನೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಿಂದಲೇ ಅದಕ್ಕೆ ಹೆಸರು. ಸದ್ದು ಜಾಸ್ತಿ, ಗಾಳಿ ಕಡಿಮೆ ಇರುವ ಫ್ಯಾನಿಗೆ ಏನಂತ ಹೆಸರಿಡೋಣ?

ಹಾವೇರಿಯಲ್ಲಿ ಕೇಳಿ, ರಾಣೆಬೆನ್ನೂರಿನಲ್ಲಿ ಕೇಳಿ, ಅಂಗಡಿಯವರ ಉತ್ತರ ಸಿದ್ಧವಾಗಿರುತ್ತದೆ: "ಅಕ್ಕಾರ, ಇದಕ್ಕಿಂತ ದೊಡ್ಡದು ಹಾಕಸ್ರಿ, ಚಲೋ ಜಗ್ಗತೈತಿ." ನನಗಂತೂ ಈ ಮಾತು ಒಪ್ಪಿಗೆಯಿಲ್ಲ. 5 ಅಡಿ ಅಗಲ, 8 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿರುವುದು ಸುಮಾರು 9 ಘನ ಮೀಟರ್ ಗಾಳಿ. ಗಂಟೆಗೆ ಎಂಟು ಸಲ ಬದಲಾಯಿಸಿದರೂ 72 ಘನ ಮೀಟರ್ ಆಯಿತು. ಫ್ಯಾನಿನ ಡಬ್ಬದ ಮೇಲೆ ಸಿಎಂಎಚ್ ಅಂತ ಬರೆದಿರುತ್ತದಲ್ಲ, ಅದೇ ಈ ಲೆಕ್ಕ. ಸಾಧಾರಣ 6 ಇಂಚಿನ ಫ್ಯಾನಿನ ಮೇಲೂ ಇದಕ್ಕಿಂತ ದೊಡ್ಡ ಅಂಕಿಯೇ ಇರುತ್ತದೆ.

ಹಾಗಾದರೆ ಹಬೆ ಯಾಕೆ ಹೋಗುವುದಿಲ್ಲ? ಒಳಗೆ ಗಾಳಿ ಬರಲು ದಾರಿ ಇರುವುದಿಲ್ಲ, ಅದಕ್ಕೆ. ಹಂಡೆಯ ಒಲೆ ಉರಿಯುತ್ತಿದ್ದ ಹಳೇ ಬಚ್ಚಲಿಗೆ ಮೇಲೆ ಬೆಳಕಿಂಡಿ, ಕೆಳಗೆ ಬಾಗಿಲ ಸಂದಿ ಇರುತ್ತಿತ್ತು. ಈಗ ನೀರು ಹೊರಗೆ ಹರಿಯಬಾರದೆಂದು ಗ್ರಾನೈಟ್ ಹೊಸ್ತಿಲು ಕೂಡಿಸಿ, ಬಾಗಿಲಿಗೆ ಪಟ್ಟಿ ಹೊಡೆಸಿ ಡಬ್ಬಿಯ ಹಾಗೆ ಮುಚ್ಚಿಬಿಡುತ್ತೇವೆ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಫ್ಯಾನ್ ಹಾಕಿ ಬಾಗಿಲು ಮುಚ್ಚಿ, ಹೊರಗಿನಿಂದ ಕೆಳಗಿನ ಸಂದಿಗೆ ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ ಸೆಳೆದುಕೊಂಡು ಹೋಗಬೇಕು. ಹೋಗದಿದ್ದರೆ ಬಾಗಿಲನ್ನು ತುಸು ತೆರೆದಿಟ್ಟು ನೋಡಿ. ಆಗ ಹಬೆ ಬೇಗ ಕರಗಿದರೆ ತಪ್ಪು ಫ್ಯಾನಿನದಲ್ಲ, ಬಾಗಿಲಿನದು. ಕೆಳಗೊಂದು ಜಾಲರಿ ಕೂಡಿಸಿದರಾಯಿತು.

ಇನ್ನು ಸದ್ದು. ಹೆಚ್ಚಿನದು ದೂಳಿನ ಕಾರುಬಾರು. ಒದ್ದೆ ರೆಕ್ಕೆಗೆ ದೂಳು ಮೆತ್ತಿ ಒಂದು ಕಡೆ ಭಾರವಾದರೆ ಫ್ಯಾನು ನಡುಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಒಮ್ಮೆಯಾದರೂ ಮೇನ್ ಸ್ವಿಚ್ ಆಫ್ ಮಾಡಿ ರೆಕ್ಕೆ, ಹೊರಗಿನ ಪಟ್ಟಿಗಳನ್ನು ಒರೆಸಬೇಕು, ಸ್ಕ್ರೂ ಬಿಗಿ ಮಾಡಿಸಬೇಕು. ಅಷ್ಟಾದರೂ ಕೈಯಿಂದ ತಿರುಗಿಸಿದಾಗ ಕರಕರ ಅಂದರೆ ಬುಷ್ ಸವೆದಿದೆ ಅಂತ ಅರ್ಥ. ಆಗ ಹೊಸದನ್ನೇ ತನ್ನಿ, ಗೋಡೆಯ ತೂತಿನ ಅಳತೆ ಬರೆದುಕೊಂಡು ಹೋಗಿ, ಬಾಲ್ ಬೇರಿಂಗ್ ಇರುವುದನ್ನೇ ಕೇಳಿ. ಗಾಳಿ ಉದ್ದ ಪೈಪಿನಲ್ಲಿ ಹೋಗಬೇಕಿದ್ದರೆ ಗೋಡೆಗೆ ಹಾಕುವ ಮಾಮೂಲಿ ಫ್ಯಾನು ದಬ್ಬಲಾರದು, ಪೈಪಿಗೆಂದೇ ಬೇರೆ ಫ್ಯಾನು ಬರುತ್ತದೆ.

ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಮಾತ್ರ ಫ್ಯಾನಿನ ಚಿಂತೆ ಆಮೇಲೆ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸ್ನಾನಕ್ಕೆ ಹೋದವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ, ಜೀವವೇ ಹೋಗುವುದುಂಟು. "ಫ್ಯಾನ್ ಐತಲ್ಲ, ಏನಾಗಂಗಿಲ್ಲ ಬಿಡ್ರಿ" ಅನ್ನುವವರ ಮಾತು ಕೇಳಬೇಡಿ. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಬ್ಯಾಟರಿ ಸೆಲ್ಲಿನಿಂದ ಹೊತ್ತುವ ಗೀಸರ್ ಉರಿಯುತ್ತಲೇ ಇರುತ್ತದೆ. ಅದನ್ನು ಹೊರಗೆ, ಗಾಳಿಯಾಡುವ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅಲ್ಲಿಯವರೆಗೆ ನೀರು ಬಕೆಟ್ಟಿಗೆ ತುಂಬಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನ.